ಅಕ್ಟೋಬರಿನ ಹಕ್ಕಿ, ಜನವರಿಯ ಹಕ್ಕಿ

ಡಿಸೆಂಬರ್ ಮುಗಿಯುತ್ತ ಬಂತೆಂದರೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ಬರೆಯುವವರು ಹೆಚ್ಚಾಗಿ ಮಿನೆಸೋಟ, ಅಯೋವಾ, ವಿಸ್ಕಾನ್ಸಿನ್, ಡಕೋಟಾ ಕಡೆ ಕೆಲಸಕ್ಕೆ ಹೋದ ಮಕ್ಕಳ ತಂದೆತಾಯಿಗಳು. ಈ ಸಲ ಹಾಸನದ ಓದುಗರೊಬ್ಬರು ಕೇಳಿದ್ದು ಹೀಗೆ: "ಸರ್, ಮಗನ ಪಕ್ಕದ ಮನೆಯವರು ಅಕ್ಟೋಬರಿನಿಂದ ವಾರವಾರವೂ ನಾಯಿ ಕರೆದುಕೊಂಡು ಹಕ್ಕಿ ಹೊಡೆಯಲು ಹೋಗುತ್ತಿದ್ದರಂತೆ. ಈಗ ಕೋವಿ ಒರೆಸಿ ಎಣ್ಣೆ ಹಚ್ಚಿ ಒಳಗಿಟ್ಟುಬಿಟ್ಟರಂತೆ. ನಿನ್ನೆ ಹೊಡೆಯಬಹುದಾಗಿದ್ದ ಹಕ್ಕಿಯನ್ನು ಇವತ್ತು ಹೊಡೆಯಬಾರದು ಎಂದರೆ ಏನು ಅರ್ಥ? ಚಳಿಗೆ ನಡುಗುವ ಹಕ್ಕಿಯ ಮೇಲೆ ಕನಿಕರವೋ, ಬೇಟೆಗಾರರಿಗೇ ಚಳಿಯೋ?"

ಕನಿಕರ ಇಲ್ಲವೇ ಇಲ್ಲ ಎನ್ನಲಾರೆ. ಆದರೆ ಆ ದಿನಾಂಕವನ್ನು ಗೊತ್ತುಮಾಡಿದ್ದು ಲೆಕ್ಕ. ಅಕ್ಟೋಬರಿನಲ್ಲಿ ಗುಂಡಿಗೆ ಬಿದ್ದ ಹಕ್ಕಿಗೂ ಜನವರಿಯಲ್ಲಿ ಬಿದ್ದ ಹಕ್ಕಿಗೂ ಬೆಲೆ ಒಂದೇ ಅಲ್ಲ ಎನ್ನುವ ಲೆಕ್ಕ. ಅದನ್ನು ಕಂಡುಕೊಳ್ಳಲು ಅಮೆರಿಕದವರಿಗೆ ಬಹಳ ಕಾಲ ಹಿಡಿಯಿತು. ಕೆಲವು ಹಕ್ಕಿಗಳನ್ನು ಶಾಶ್ವತವಾಗಿ ಕಳೆದುಕೊಂಡ ಮೇಲೆ ಬಂದ ತಿಳಿವಳಿಕೆ ಅದು.

ಅಲ್ಲಿ ಬಾತುಗಳ ಬೇಟೆ ಬೇರೆ, ಒಣನೆಲದ ಹಕ್ಕಿಗಳ ಬೇಟೆ ಬೇರೆ. ನಾನು ಹೇಳುತ್ತಿರುವುದು ಎರಡನೆಯದನ್ನು: ಹುಲ್ಲುಗಾವಲು, ಹೊಲದ ಅಂಚು, ಕುರುಚಲು, ಎಳೆಗಾಡುಗಳಲ್ಲಿ ನಡೆದಾಡುತ್ತ ಮೇಯುವ, ನಾವು ಹತ್ತಿರ ಹೋದರೆ ಕಾಲಬುಡದಿಂದ ಭರ್ರೆಂದು ಏಳುವ ಹಕ್ಕಿಗಳು. ಫೆಸೆಂಟ್, ರಫ್ಡ್ ಗ್ರೌಸ್, ನಮ್ಮ ಬುರ್ಲಿಯನ್ನು ಹೋಲುವ ಬಾಬ್‌ವೈಟ್ ಇವುಗಳಲ್ಲಿ ಮುಖ್ಯ. ನಮ್ಮ ಗೌಜಲಕ್ಕಿ, ಕಾಡುಕೋಳಿಗಳ ಹಾಗೆ ಇವೂ ಕೋಳಿಯ ಬಳಗದವು. ಬಾತುಗಳು ಚಳಿ ಬಿದ್ದೊಡನೆ ದಕ್ಷಿಣಕ್ಕೆ ಹಾರಿಬಿಡುತ್ತವೆ, ರಾಜ್ಯ ದೇಶಗಳ ಗಡಿ ದಾಟುತ್ತವೆ; ಆದ್ದರಿಂದ ಅವುಗಳ ಬೇಟೆಗೆ ಚೌಕಟ್ಟು ಹಾಕುವುದು ಅಲ್ಲಿನ ಕೇಂದ್ರ ಸರ್ಕಾರ. ಫೆಸೆಂಟ್ ಗ್ರೌಸ್‌ಗಳು ಎಲ್ಲಿಗೂ ಹೋಗುವುದಿಲ್ಲ. ಹುಟ್ಟಿದ ಜಾಗದ ಸುತ್ತಮುತ್ತಲೇ ಬದುಕಿ ಅಲ್ಲೇ ಸಾಯುತ್ತವೆ, ಚಳಿಗಾಲ ಎಷ್ಟೇ ಕಠಿಣವಾದರೂ ಅಲ್ಲೇ ಕಳೆಯಬೇಕು. ಅವುಗಳ ಹೊಣೆ ಆಯಾ ರಾಜ್ಯದ್ದು, ದಿನಾಂಕವೂ ಆಯಾ ರಾಜ್ಯದ್ದು. ಮಿನೆಸೋಟದಲ್ಲಿ ಫೆಸೆಂಟ್ ಬೇಟೆ ಅಕ್ಟೋಬರ್ ನಡುವಿನಲ್ಲಿ ಶುರುವಾಗಿ ಹೊಸ ವರ್ಷದ ಹೊತ್ತಿಗೆ ಮುಗಿಯುತ್ತದೆ. ಅಯೋವಾದಲ್ಲಿ ಜನವರಿ 10ರ ತನಕ ಇರುತ್ತದೆ. ದಕ್ಷಿಣ ಡಕೋಟಾ 2020ರಿಂದ ಈಚೆಗೆ ಜನವರಿ 31ರವರೆಗೆ ಎಳೆದಿದೆ. ಅದರ ಬಗ್ಗೆ ನನಗೊಂದು ತಕರಾರಿದೆ, ಮುಂದೆ ಹೇಳುತ್ತೇನೆ.

ನನ್ನ ಮಗಳ ಮನೆ ಮಿನೆಸೋಟದ ನೈಋತ್ಯ ಭಾಗದ ಒಂದು ಸಣ್ಣ ಊರಿನಲ್ಲಿದೆ. ಕಣ್ಣು ಹಾಯುವಷ್ಟೂ ಸಪಾಟು ಹೊಲ. ಬೇಸಿಗೆಯಲ್ಲಿ ಮೆಕ್ಕೆಜೋಳ, ಸೋಯಾ. ಚಳಿಗಾಲದಲ್ಲಿ ಹಿಮದಿಂದ ಮೇಲೆ ಇಣುಕುವ ಕೂಳೆ. ಪಕ್ಕದ ಮನೆಯ ಹಿರಿಯರು ಬೇಸಾಯ ಬಿಟ್ಟು ಊರು ಸೇರಿದವರು, ಎಪ್ಪತ್ತು ದಾಟಿದವರು. ಬೇಟೆ ಮುಗಿಯುವ ವಾರ ನನ್ನನ್ನು ಜೊತೆಗೆ ಕರೆದರು. ಕೋವಿ ಹಿಡಿಯಲಾರೆ ಎಂದೆ. ಹಿಡಿಯುವುದು ಬೇಡ, ಹಿಂದೆ ನಡೆಯಿರಿ ಸಾಕು ಎಂದು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿದರು. ಮಿನೆಸೋಟದಲ್ಲಿ ಬೆಳಗ್ಗೆ 9 ಗಂಟೆಗೆ ಮೊದಲು ಫೆಸೆಂಟ್‌ಗೆ ಗುಂಡು ಹಾರಿಸುವಂತಿಲ್ಲ. ಗಂಟೆಯಾಗುವ ತನಕ ಕಾರಿನಲ್ಲೇ ಕಾಫಿ ಕುಡಿಯುತ್ತ ಕೂತೆವು. ಇಳಿಯುವಾಗ ಅವರು ಬಾಗಿಲನ್ನು ಬಡಿಯದೆ ಒತ್ತಿ ಮುಚ್ಚಿದರು. ಅಕ್ಟೋಬರಿನಲ್ಲಾದರೆ ಇಷ್ಟು ಎಚ್ಚರ ಬೇಕಿರಲಿಲ್ಲವಂತೆ. ಆ ವರ್ಷವೇ ಮೊಟ್ಟೆಯೊಡೆದು ಬಂದ ಹುಂಜಗಳಿಗೆ ಆಗ ಮನುಷ್ಯರ ಸದ್ದಿನ ಪರಿಚಯವಿರುವುದಿಲ್ಲ. ಡಿಸೆಂಬರ್ ತನಕ ಬದುಕಿ ಉಳಿದವು ಬಾಗಿಲಿನ ಸದ್ದು ಕಿವಿಗೆ ಬಿದ್ದರೆ ಸಾಕು, ಜೊಂಡಿನೊಳಗೆ ತಲೆ ತಗ್ಗಿಸಿ ಓಡುತ್ತವೆ. ಹಾರಿದರೂ ಗುಂಡಿನ ಅಳವಿಗೆ ಸಿಗದಷ್ಟು ದೂರದಲ್ಲಿ ಏಳುತ್ತವೆ.

ನಾವು ನಡೆದದ್ದು ಒಂದು ಜೊಂಡು ಬೆಳೆದ ಜೌಗಿನ ಅಂಚಿನಲ್ಲಿ. ನೀರು ಗಟ್ಟಿ ಹಿಮವಾಗಿತ್ತು, ಆಳೆತ್ತರದ ಒಣ ಜೊಂಡು ಗಾಳಿಗೆ ಒರಗಿಕೊಂಡು ಅಡಿಯಲ್ಲಿ ಗುಹೆಯಂಥ ಜಾಗಗಳಾಗಿದ್ದವು. ಸುತ್ತಲಿನ ಹೊಲಗಳೆಲ್ಲ ಕೊಯ್ಲಾಗಿ ಬೋಳಾಗಿದ್ದರಿಂದ ಸುತ್ತಲಿನ ಹಕ್ಕಿಗಳೆಲ್ಲ ಇದೊಂದೇ ಜಾಗಕ್ಕೆ ಬಂದು ಸೇರಿದ್ದವು. ನಾಯಿ ಮೂಗು ಚಾಚಿ ನಿಂತಿತು. ಒಂದಾದ ಮೇಲೊಂದು ಹೇಂಟೆಗಳು ಎದ್ದವು. ಹಿರಿಯರು "ಹೆಣ್ಣು, ಹೆಣ್ಣು" ಎಂದು ಗಟ್ಟಿಯಾಗಿ ಕೂಗಿ ಕೋವಿಯ ಮೂತಿಯನ್ನು ಮೇಲಕ್ಕೆ ಮಾಡಿದರು. ಜೊತೆಗಿರುವ ಬೇಟೆಗಾರರು ಯಾರೂ ತಪ್ಪಿ ಹೊಡೆಯದಿರಲಿ ಎಂದು ಹಾಗೆ ಕೂಗುವುದು ಅಲ್ಲಿನ ರೂಢಿ. ಫೆಸೆಂಟ್‌ಗಳಲ್ಲಿ ಹುಂಜವನ್ನು ಮಾತ್ರ ಹೊಡೆಯಬಹುದು, ಹೇಂಟೆಯನ್ನು ಹೊಡೆದರೆ ಅಪರಾಧ. ಕಂಚಿನ ಮೈ, ಕೊರಳಿಗೆ ಬಿಳಿ ಪಟ್ಟಿ, ಮೈಗಿಂತ ಉದ್ದದ ಬಾಲ ಇರುವ ಹುಂಜವನ್ನೂ ಒಣಹುಲ್ಲಿನ ಬಣ್ಣದ ಹೇಂಟೆಯನ್ನೂ ಹಾರುವಾಗಲೇ ಗುರುತಿಸಬಹುದು. ಒಂದು ಹುಂಜ ಹತ್ತು ಹೇಂಟೆಗಳಿಗೆ ಸಾಕಾಗುವುದರಿಂದ ಹುಂಜಗಳಲ್ಲಿ ಬಹುಪಾಲು ಹೋದರೂ ಮುಂದಿನ ವರ್ಷದ ಮರಿಗಳ ಸಂಖ್ಯೆಗೆ ಧಕ್ಕೆಯಿಲ್ಲ. ಮುಂದಿನ ವರ್ಷವನ್ನು ನಿರ್ಧರಿಸುವುದು ಚಳಿಗಾಲ ದಾಟಿ ಬರುವ ಹೇಂಟೆಗಳ ಸಂಖ್ಯೆ. ಅಂದು ಹಿರಿಯರಿಗೆ ಹುಂಜ ಸಿಗಲಿಲ್ಲ. ಹೇಂಟೆಗಳು ಎಷ್ಟೊಂದಿವೆ ನೋಡಿದಿರಾ ಎಂದು ದಾರಿಯುದ್ದಕ್ಕೂ ಸಂಭ್ರಮದಿಂದ ಹೇಳಿಕೊಳ್ಳುತ್ತಲೇ ಬಂದರು.

ಈ ಫೆಸೆಂಟ್ ಅಮೆರಿಕದ ಮೂಲನಿವಾಸಿಯಲ್ಲ. ಶಾಂಘೈನಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಆಗಿದ್ದ ಓವನ್ ಡೆನ್ನಿ 1880ರ ದಶಕದ ಆರಂಭದಲ್ಲಿ ಚೀನಾದಿಂದ ಒರೆಗಾನ್‌ಗೆ ಹಡಗಿನಲ್ಲಿ ಕಳಿಸಿದ ಹಕ್ಕಿಗಳು ಅಲ್ಲಿ ಬೇರೂರಿದವು. ದಕ್ಷಿಣ ಡಕೋಟಾದಲ್ಲಿ ಮೊದಲ ಬೇಟೆ ನಡೆದದ್ದು 1919ರಲ್ಲಿ. ಒಂದೇ ಕೌಂಟಿಯಲ್ಲಿ, ಒಂದೇ ದಿನ. 1943ರಲ್ಲಿ ಅದೇ ಹಕ್ಕಿ ಆ ರಾಜ್ಯದ ರಾಜ್ಯಪಕ್ಷಿಯಾಯಿತು. ಹೊರಗಿನಿಂದ ಬಂದದ್ದಾದ್ದರಿಂದ ಉತ್ತರದ ಚಳಿಗೆ ಅದರ ಮೈ ಪೂರ್ತಿ ಒಗ್ಗಿಲ್ಲ. ಹಸಿವಿನಿಂದ ಸಾಯುವ ಫೆಸೆಂಟ್ ಕಡಿಮೆ, ಹೊಲದಲ್ಲಿ ಉದುರಿದ ಕಾಳು ಕೆದಕಿ ತಿನ್ನುವುದು ಅದಕ್ಕೆ ಗೊತ್ತು. ಸಾಯುವುದು ಹಿಮಗಾಳಿಯಿಂದ. ಬಯಲಿನಲ್ಲಿ ಸಿಕ್ಕಿಬಿದ್ದ ಹಕ್ಕಿಯ ಗರಿಗಳ ಅಡಿಗೆ ಗಾಳಿ ಪುಡಿಹಿಮವನ್ನು ತುರುಕುತ್ತದೆ. ಮೈಶಾಖಕ್ಕೆ ಅದು ಕರಗಿ ಮತ್ತೆ ಗಟ್ಟಿಯಾಗುತ್ತದೆ. ಕೊಕ್ಕು, ಮೂಗಿನ ಹೊಳ್ಳೆಗಳ ಸುತ್ತ ಹಿಮಗಡ್ಡೆ ಕಟ್ಟಿ ಉಸಿರು ನಿಂತು ಸಾಯುತ್ತದೆ. 1940ರ ನವೆಂಬರ್ 11ರಂದು ಮಿನೆಸೋಟ, ಅಯೋವಾಗಳ ಮೇಲೆ ಎರಗಿದ ಹಿಮಗಾಳಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಾತುಬೇಟೆಗೆ ಹೋಗಿದ್ದವರೂ ಅನೇಕರು. ಆ ಬಯಲುಗಳಲ್ಲಿ ಅಂದು ಸತ್ತ ಫೆಸೆಂಟ್‌ಗಳಿಗಂತೂ ಲೆಕ್ಕವಿಲ್ಲ. ಜೊಂಡಿನ ಜೌಗು, ಗಾಳಿ ತಡೆಯುವ ಮರಗಳ ಸಾಲು ಹತ್ತಿರದಲ್ಲಿದ್ದ ಹಕ್ಕಿ ಇಂಥ ಗಾಳಿಯಲ್ಲೂ ಬದುಕುತ್ತದೆ, ಇಲ್ಲದ್ದು ಸಾಯುತ್ತದೆ.

ರಫ್ಡ್ ಗ್ರೌಸ್‌ನದು ಪೂರಾ ಬೇರೆ ಕಥೆ. ಅದು ಆ ಕಾಡಿನಲ್ಲೇ ಸಾವಿರಾರು ವರ್ಷ ಬೆಳೆದ ಹಕ್ಕಿ, ಹಿಮ ಬಿದ್ದಷ್ಟೂ ಅದಕ್ಕೆ ಒಳ್ಳೆಯದು. ಚಳಿಗಾಲ ಹತ್ತಿರ ಬರುತ್ತಲೇ ಅದರ ಕಾಲ್ಬೆರಳುಗಳ ಎರಡೂ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಸಣ್ಣ ಎಸಳುಗಳು ಮೂಡುತ್ತವೆ. ಮೆತ್ತನೆಯ ಹಿಮದಲ್ಲಿ ಕಾಲು ಹೂತುಹೋಗದಂತೆ, ಹಿಮ ಕವಿದ ಕೊಂಬೆಯಲ್ಲಿ ಜಾರದಂತೆ ಅವು ಹಿಡಿತ ಕೊಡುತ್ತವೆ. ವಸಂತ ಬಂದಾಗ ತಾವಾಗಿ ಉದುರುತ್ತವೆ. ಬೇಸಿಗೆಯ ಹಣ್ಣು, ಹುಳು, ಹಸಿರೆಲೆ ಎಲ್ಲ ಮುಗಿದ ಮೇಲೆ ಆಸ್ಪೆನ್ ಮರದ ಹೂಮೊಗ್ಗುಗಳೇ ಅದರ ಆಹಾರ, ಅದರಲ್ಲೂ ಗಂಡುಮರದ ಮೊಗ್ಗುಗಳು. ಮಿನೆಸೋಟದ ಕ್ಲೋಕೆ ಎಂಬಲ್ಲಿ ಗಾರ್ಡನ್ ಗಲ್ಲಿಯನ್ ಎಂಬ ವಿಜ್ಞಾನಿ ಬಾಳಿನ ಬಹುಭಾಗವನ್ನು ಈ ಹಕ್ಕಿಗೂ ಈ ಮರಕ್ಕೂ ಇರುವ ನಂಟನ್ನು ಅರಿಯುವುದರಲ್ಲೇ ಕಳೆದರು. ಮುಸ್ಸಂಜೆಯಲ್ಲಿ ಗ್ರೌಸ್ ಮರವೇರಿ ಬೇಗಬೇಗ ಮೊಗ್ಗು ಮುಕ್ಕಿ ಗಂಟಲಚೀಲ ತುಂಬಿಸಿಕೊಳ್ಳುತ್ತದೆ. ಆಮೇಲೆ ಕೊಂಬೆಯಿಂದ ಹಾರಿ ನೇರವಾಗಿ ಹಿಮದೊಳಕ್ಕೆ ಧುಮುಕುತ್ತದೆ. ಒಂದಡಿ ಆಳದ ಪುಡಿಹಿಮವಿದ್ದರೆ ಸಾಕು, ಒಳಗೇ ಸ್ವಲ್ಪ ದೂರ ಕೊರೆದುಕೊಂಡು ಹೋಗಿ ಗೂಡು ಮಾಡಿಕೊಂಡು ಕೂತುಬಿಡುತ್ತದೆ. ಹೊರಗೆ ಮೈನಸ್ 30 ಡಿಗ್ರಿ ಇದ್ದರೂ ಒಳಗೆ ಸೊನ್ನೆಗಿಂತ ಕೆಲವೇ ಡಿಗ್ರಿ ಕಡಿಮೆ. ಮೇಲಿನಿಂದ ಗೂಬೆಗೆ ಕಾಣುವುದಿಲ್ಲ, ಗಿಡುಗನಿಗೆ ಕಾಣುವುದಿಲ್ಲ. ರಾತ್ರಿಯ ಬಹುಪಾಲು, ಹಗಲಿನ ಎಷ್ಟೋ ಹೊತ್ತು ಅಲ್ಲೇ ಇದ್ದು ತಿಂದ ಮೊಗ್ಗನ್ನು ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ಉತ್ತರ ಮಿನೆಸೋಟದ ಕಾಡುದಾರಿಯಲ್ಲಿ ಒಮ್ಮೆ ನನ್ನ ಮುಂದೆಯೇ ನೆಲ ಒಡೆದಂತೆ ಹಿಮ ಸಿಡಿದು ಕಂದುಬಣ್ಣದ ಹಕ್ಕಿಯೊಂದು ಮೇಲೆದ್ದು ಹೋಯಿತು. ಅಲ್ಲಿ ಹಕ್ಕಿಯಿದೆ ಎನ್ನಲು ಒಂದು ಹೆಜ್ಜೆಗುರುತೂ ಇರಲಿಲ್ಲ.

ಹಿಮ ತಡವಾಗಿ ಬಿದ್ದ ವರ್ಷ, ಅಥವಾ ಹಿಮದ ಮೇಲೆ ಮಳೆ ಸುರಿದು ಗಾಜಿನಂಥ ಗಟ್ಟಿ ಪದರ ಕಟ್ಟಿದ ವರ್ಷ ಗ್ರೌಸ್‌ಗೆ ಕಷ್ಟಕಾಲ. ಧುಮುಕಲು ಆಗುವುದಿಲ್ಲ, ಕೊಂಬೆಯ ಮೇಲೆಯೇ ಕೂತು ಚಳಿ ತಡೆಯಬೇಕು, ಹೆಚ್ಚು ತಿನ್ನಬೇಕು, ತಿನ್ನಲು ಹೆಚ್ಚು ಹೊತ್ತು ಬಯಲಾಗಬೇಕು, ಬಯಲಾದಷ್ಟು ಹೊತ್ತು ಗಿಡುಗನ ಕಣ್ಣಿಗೆ ಬೀಳಬೇಕು. ಚಳಿಗಾಲಗಳು ಬೆಚ್ಚಗಾಗುತ್ತಿವೆ ಎಂದು ನಾವು ಕೇಳಿದಾಗ ಉತ್ತರದ ಹಕ್ಕಿಗಳಿಗೆ ಅನುಕೂಲವಾಯಿತು ಎಂದುಕೊಳ್ಳುತ್ತೇವೆ. ಈ ಹಕ್ಕಿಯ ಮಟ್ಟಿಗೆ ಅದು ತಿರುಗುಮುರುಗು.

ಈಗ ಲೆಕ್ಕಕ್ಕೆ ಬರೋಣ. 1930ರ ದಶಕದಲ್ಲಿ ಪಾಲ್ ಎರಿಂಗ್ಟನ್ ಎಂಬ ಪ್ರಾಣಿವಿಜ್ಞಾನಿ ವಿಸ್ಕಾನ್ಸಿನ್ ಮತ್ತು ಅಯೋವಾದ ಹೊಲಗಳಲ್ಲಿ ಚಳಿಗಾಲಪೂರ್ತಿ ಬಾಬ್‌ವೈಟ್ ಹಿಂಡುಗಳನ್ನು ಹಿಂಬಾಲಿಸಿದರು. ಹಿಮದ ಮೇಲಿನ ಹೆಜ್ಜೆ ಓದಿ, ಬಿದ್ದ ಗರಿ ಎಣಿಸಿ, ಎಷ್ಟು ಹಕ್ಕಿ ಹೇಗೆ ಸತ್ತವು ಎಂದು ಬರೆದಿಟ್ಟರು. ಅವರಿಗೆ ಕಂಡದ್ದು ಇದು: ಒಂದು ಜಾಗದ ಪೊದೆ, ಹುಲ್ಲು, ಕಾಳು ಇಷ್ಟೇ ಹಕ್ಕಿಗಳನ್ನು ಚಳಿಗಾಲ ದಾಟಿಸಬಲ್ಲದು. ಶರತ್ಕಾಲದಲ್ಲಿ ಅದಕ್ಕಿಂತ ಹೆಚ್ಚು ಹಕ್ಕಿಗಳಿದ್ದರೆ ಹೆಚ್ಚಿನವು ಹೇಗೋ ಸಾಯುತ್ತವೆ. ನರಿ ಹಿಡಿಯದಿದ್ದರೆ ಗೂಬೆ, ಗೂಬೆ ಹಿಡಿಯದಿದ್ದರೆ ಹಿಮಗಾಳಿ. ಇವು ಬಾಳುವುದೇ ಕಡಿಮೆ ಕಾಲ. ಒಂದು ಬಾಬ್‌ವೈಟ್ ಹೇಂಟೆ ಒಂದು ಸಲಕ್ಕೆ 12ರಿಂದ 14 ಮೊಟ್ಟೆಯಿಡುತ್ತದೆ. ಶರತ್ಕಾಲದಲ್ಲಿದ್ದ 100 ಹಕ್ಕಿಗಳಲ್ಲಿ ಮುಂದಿನ ಶರತ್ಕಾಲ ಕಾಣುವುದು ಸುಮಾರು 20. ಬೇಟೆ ಇದ್ದರೂ ಇಲ್ಲದಿದ್ದರೂ ಈ ಪ್ರಮಾಣ ಬಹಳವೇನೂ ಬದಲಾಗುವುದಿಲ್ಲ. ಅಕ್ಟೋಬರಿನಲ್ಲಿ ಬೇಟೆಗಾರ ಒಯ್ದ ಹಕ್ಕಿ ಹೇಗೂ ಡಿಸೆಂಬರ್ ಕಾಣದೆ ಹೋಗಬಹುದಾಗಿದ್ದ ಹಕ್ಕಿ, ಅದು ಹೋದದ್ದರಿಂದ ಉಳಿದವಕ್ಕೆ ಪೊದೆಯಲ್ಲಿ ಜಾಗ ಸಿಕ್ಕಿತು. ಅಮೆರಿಕದ ಬೇಟೆ ನಿಯಮಗಳ ಬುನಾದಿಯೇ ಈ ವಾದ. 1933ರಲ್ಲಿ ಬೇಟೆಪ್ರಾಣಿಗಳ ನಿರ್ವಹಣೆಯ ಮೇಲೆ ಮೊದಲ ದೊಡ್ಡ ಪಠ್ಯಪುಸ್ತಕ ಬರೆದ ಆಲ್ಡೊ ಲಿಯೊಪೋಲ್ಡ್ ಸ್ವತಃ ಗ್ರೌಸ್ ಬೇಟೆಗಾರರು. ಹಕ್ಕಿಯ ಕಾವಲಿಗಿಂತ ಹಕ್ಕಿಯ ನೆಲೆಯ ಕಾವಲು ಮುಖ್ಯ ಎಂದು ಅವರು ಒತ್ತಿ ಹೇಳಿದರು.

ಆದರೆ ಈ ವಾದಕ್ಕೆ ಒಂದು ಗಡುವಿದೆ. ಚಳಿಗಾಲ ಒಳಹೊಕ್ಕಂತೆ ಹೆಚ್ಚುವರಿ ಹಕ್ಕಿಗಳು ಒಂದೊಂದಾಗಿ ಹೋಗುತ್ತ, ಕೊನೆಗೆ ಆ ನೆಲ ತಾಳಬಲ್ಲಷ್ಟು ಮಾತ್ರ ಉಳಿಯುತ್ತವೆ. ಅವು ಪೊದೆ ಹುಡುಕಿಕೊಂಡವು, ನರಿಯ ದಾರಿ ಅರಿತವು, ಮೊದಲ ಹಿಮಗಾಳಿಗಳನ್ನು ದಾಟಿದವು. ಜನವರಿಯಲ್ಲಿ ಬದುಕಿರುವ ಹಕ್ಕಿಗೆ ಏಪ್ರಿಲ್ ಕಾಣುವ ಅವಕಾಶ ಅಕ್ಟೋಬರಿನ ಹಕ್ಕಿಗಿಂತ ಬಹಳ ಹೆಚ್ಚು. ಅದನ್ನು ಹೊಡೆದರೆ ಅದರ ಜಾಗಕ್ಕೆ ಬರಲು ಬೇರೆ ಹಕ್ಕಿಯಿಲ್ಲ. ನಮ್ಮ ರೈತರು ಸುಗ್ಗಿಯಲ್ಲಿ ಧಾರಾಳವಾಗಿ ಅಳೆದುಕೊಟ್ಟರೂ ಬಿತ್ತನೆಗೆಂದು ಬೂದಿ ಬೆರೆಸಿಟ್ಟ ಕಾಳಿಗೆ ಯಾರನ್ನೂ ಕೈಹಾಕಗೊಡುವುದಿಲ್ಲ; ಜನವರಿಯ ಹಕ್ಕಿ ಆ ಬಿತ್ತನೆಯ ಕಾಳು. ಇಲಿನಾಯ್‌ನಲ್ಲಿ ಜಾನ್ ರೋಸ್‌ಬೆರಿ ಮತ್ತು ವಿಲ್ಲರ್ಡ್ ಕ್ಲಿಮ್‌ಸ್ಟ್ರಾ ಬಾಬ್‌ವೈಟ್ ಹಿಂಡುಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿ 1984ರಲ್ಲಿ ಪುಸ್ತಕ ತಂದರು. ಬೇಟೆ ತಡವಾದಷ್ಟೂ ಅದರಿಂದಾಗುವ ಸಾವು ಉಳಿದ ಸಾವುಗಳ ಜಾಗಕ್ಕೆ ಬರುವುದರ ಬದಲು ಅವುಗಳ ಮೇಲೆ ಸೇರುತ್ತ ಹೋಗುತ್ತದೆ ಎನ್ನುವುದು ಅಂಥ ಅಧ್ಯಯನಗಳಿಂದ ಗಟ್ಟಿಯಾಯಿತು.

ಹಾಸನದ ಓದುಗರ ಪ್ರಶ್ನೆಗೆ ಇದು ನೇರ ಉತ್ತರ. ಇದನ್ನು ಸರ್ಕಾರವೊಂದು ಮನಗಂಡು ನಡೆದದ್ದಕ್ಕೆ ಪೆನ್ಸಿಲ್ವೇನಿಯ ಒಳ್ಳೆಯ ಉದಾಹರಣೆ. ಅಲ್ಲಿ ರಫ್ಡ್ ಗ್ರೌಸ್ 1931ರಿಂದ ರಾಜ್ಯಪಕ್ಷಿ. 2000ದ ನಂತರ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ಆ ರಾಜ್ಯಕ್ಕೆ ಬಂದ ಮೇಲೆ ಗ್ರೌಸ್‌ಗಳು ತೀವ್ರವಾಗಿ ಇಳಿದವು. ಕಾಡುಗಳು ಮುದಿಯಾಗಿ, ಗ್ರೌಸ್‌ಗೆ ಬೇಕಾದ ಎಳೆಗಾಡು ಕಡಿಮೆಯಾಗಿದ್ದೂ ಸೇರಿಕೊಂಡಿತು. ಆಗ ಅಲ್ಲಿನ ಬೇಟೆ ಆಯೋಗ ಇಡೀ ಬೇಟೆಯನ್ನು ನಿಲ್ಲಿಸಲಿಲ್ಲ. ಶರತ್ಕಾಲದ ಬೇಟೆಯನ್ನು ಹಾಗೇ ಬಿಟ್ಟು, 2017ರಲ್ಲಿ ಕ್ರಿಸ್ಮಸ್ ಕಳೆದ ಮೇಲೆ ಇರುತ್ತಿದ್ದ ಚಳಿಗಾಲದ ಬೇಟೆಯನ್ನು ಮಾತ್ರ ತೆಗೆದುಹಾಕಿತು. ಉಳಿದ ಕೆಲವೇ ಹಕ್ಕಿಗಳನ್ನು ವಸಂತಕ್ಕೆ ಮುಟ್ಟಿಸಬೇಕಿದ್ದರೆ ಕೈ ತಡೆಯಬೇಕಾದ್ದು ಆಗಲೇ. ನ್ಯೂಜೆರ್ಸಿಯಲ್ಲಿ ಅಷ್ಟರಿಂದಲೂ ಸಾಲದೆ 2019ರಲ್ಲಿ ಗ್ರೌಸ್ ಬೇಟೆಯನ್ನೇ ಮುಚ್ಚಿದರು.

ದಕ್ಷಿಣ ಡಕೋಟಾದ ಬಗ್ಗೆ ತಕರಾರಿದೆ ಎಂದೆನಲ್ಲ. ಜನವರಿ ಕೊನೆಯ ತನಕ ಬಿಟ್ಟರೂ ಹೋಗುವುದು ಹುಂಜಗಳು ಮಾತ್ರ, ಹೇಂಟೆಗೆ ಕಾನೂನಿನ ರಕ್ಷೆಯಿದೆ, ಆದ್ದರಿಂದ ಸಂಖ್ಯೆಗೆ ನಷ್ಟವಿಲ್ಲ ಎನ್ನುತ್ತಾರೆ ಅದನ್ನು ಒಪ್ಪುವವರು. ಲೆಕ್ಕ ತಪ್ಪಲ್ಲ. ಆದರೆ ನಾನು ಜೊಂಡಿನ ಅಂಚಿನಲ್ಲಿ ಕಂಡದ್ದು ಬೇರೆ: ಒಂದು ಹುಂಜಕ್ಕಾಗಿ ಹುಡುಕುವಾಗ ಇಪ್ಪತ್ತು ಹೇಂಟೆಗಳು ಬೆಚ್ಚಗಿನ ಮರೆ ಬಿಟ್ಟು ಬೋಳು ಹೊಲದ ಮೇಲೆ ಹಾರಿದವು. ಹಿಮ ಆಳವಾಗಿ ಬಿದ್ದಿರುವಾಗ, ಶಾಖ ಉಳಿಸಿಕೊಳ್ಳುವುದೇ ಬದುಕಾಗಿರುವಾಗ, ಆ ಹಾರಾಟಕ್ಕೂ ಬೆಲೆ ತೆರಬೇಕು. ಎಷ್ಟೋ ಬೇಟೆಗಾರರು ಕಠಿಣ ಚಳಿಯ ವಾರಗಳಲ್ಲಿ ಕಾನೂನು ಬಿಟ್ಟರೂ ತಾವೇ ಹೋಗುವುದಿಲ್ಲ. ಮಗಳ ನೆರೆಯ ಹಿರಿಯರೂ ಹಾಗೆಯೇ. ಗಾಳಿ ಎದ್ದ ದಿನ ಹಕ್ಕಿಯನ್ನು ಜೊಂಡಿನಿಂದ ಎಬ್ಬಿಸುವುದು ಅನ್ಯಾಯ ಎನ್ನುತ್ತಾರೆ. ನನಗೆ ಅವರ ಮಾತು ಸರಿಯೆನಿಸುತ್ತದೆ.

ಗಡುವೇ ಇಲ್ಲದ ಕಾಲದಲ್ಲಿ ಏನಾಯಿತು ಎಂಬುದಕ್ಕೆ ಪ್ರಯಾಣಿಕ ಪಾರಿವಾಳದ ಕಥೆ ಎಲ್ಲರೂ ಹೇಳುತ್ತಾರೆ. ಕೋಟಿಗಟ್ಟಲೆ ಇದ್ದ ಆ ಹಕ್ಕಿಯ ಕೊನೆಯದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಹೀತ್ ಹೆನ್. ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಇದ್ದ, ಬಡವರ ಅನ್ನವಾಗಿದ್ದ ಈ ನೆಲದ ಹಕ್ಕಿಯನ್ನು ಋತುಮಾನ ನೋಡದೆ ಹೊಡೆದು 1870ರ ದಶಕದ ಹೊತ್ತಿಗೆ ಮಾರ್ಥಾಸ್ ವಿನ್ಯಾರ್ಡ್ ಎಂಬ ಒಂದು ದ್ವೀಪಕ್ಕೆ ಇಳಿಸಿದ್ದರು. ಆಮೇಲೆ ಎಚ್ಚೆತ್ತರು. 1908ರಲ್ಲಿ ಆ ದ್ವೀಪದಲ್ಲಿ ಹಕ್ಕಿಗೆಂದೇ ಕಾಯ್ದಿಟ್ಟ ನೆಲ ಬಂತು, ಬೇಟೆ ನಿಂತಿತು, ಸಂಖ್ಯೆ ಸುಮಾರು 2000ಕ್ಕೆ ಏರಿತು. 1916ರಲ್ಲಿ ಕಾಡಿಗೆ ಬೆಂಕಿ ಬಿತ್ತು, ಮರೆ ಸುಟ್ಟುಹೋಯಿತು. ಹಿಂದೆಯೇ ಬಂದ ಕ್ರೂರ ಚಳಿಗಾಲ, ಹಿಂಡಾಗಿ ಬಂದ ಗಿಡುಗಗಳು, ಸಾಕುಕೋಳಿಗಳ ರೋಗ ಸೇರಿ ಮಿಕ್ಕಿದ್ದನ್ನು ತೆಗೆದವು. 1932ರ ಮಾರ್ಚ್ ನಂತರ ಆ ಹಕ್ಕಿಯನ್ನು ಯಾರೂ ಕಂಡಿಲ್ಲ. ಕೋವಿ ಕೆಳಗಿಳಿದ ಮೇಲೂ ಒಂದು ಹಕ್ಕಿ ಅಳಿಯಬಹುದು ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ತಿಳಿಯದು.

"ಕೊಲ್ಲುವವರೇ ಕಾಯುತ್ತೇವೆ ಅನ್ನುತ್ತಾರಲ್ಲ" ಎಂಬ ಪ್ರಶ್ನೆಯೂ ಪತ್ರಗಳಲ್ಲಿ ತಪ್ಪದೆ ಇರುತ್ತದೆ. ಅದರಲ್ಲಿ ಹಣದ ಮಾತಿದೆ. 1937ರಲ್ಲಿ ಅಮೆರಿಕದ ಸಂಸತ್ತು ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಎಂದು ಹೆಸರಾದ ಕಾನೂನು ಮಾಡಿತು. ಬೇಟೆಕೋವಿ, ತೋಟೆಗಳ ಮೇಲಿನ ಶೇ 11 ತೆರಿಗೆ ಖಜಾನೆಗೆ ಹೋಗುವುದಿಲ್ಲ. ವನ್ಯಜೀವಿಗಳ ನೆಲೆ, ಎಣಿಕೆ, ಸಂಶೋಧನೆಗೆಂದು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ರಾಜ್ಯ ಒಂದು ಡಾಲರ್ ಹಾಕಿದರೆ ಈ ನಿಧಿಯಿಂದ ಮೂರು ಡಾಲರ್. ಬೇಟೆಯ ಪರವಾನಗಿ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸಿದ ರಾಜ್ಯಕ್ಕೆ ಇದರಲ್ಲಿ ಪಾಲಿಲ್ಲ. ಈಗ ಆ ತೆರಿಗೆಯ ದೊಡ್ಡ ಭಾಗ ಬೇಟೆಗೇ ಹೋಗದ, ಆತ್ಮರಕ್ಷಣೆಗೆಂದು ಪಿಸ್ತೂಲು ಕೊಳ್ಳುವವರಿಂದ ಬರುತ್ತದೆ ಎನ್ನುವುದನ್ನೂ ಸೇರಿಸಿ ಹೇಳಬೇಕು. ಆದರೂ ಜೌಗು ಕೊಂಡು ಉಳಿಸಿದ್ದು, ಹುಲ್ಲು ಬಿತ್ತಿದ್ದು ಈ ಹಣದಿಂದ ನಡೆದಿದೆ, ಅದು ಸುಳ್ಳಲ್ಲ. ಇದಕ್ಕಿಂತಲೂ ದೊಡ್ಡ ಕೆಲಸ ಮಾಡಿದ್ದು 1985ರ ಕೃಷಿ ಕಾನೂನು: ಬಡಕಲು ಹೊಲವನ್ನು ಉಳದೆ ಹತ್ತು ಹದಿನೈದು ವರ್ಷ ಹುಲ್ಲಿಗೆ ಬಿಟ್ಟರೆ ಸರ್ಕಾರ ರೈತನಿಗೆ ವರ್ಷವರ್ಷ ಬಾಡಿಗೆ ಕೊಡುತ್ತದೆ. 2007ರಲ್ಲಿ ಹೀಗೆ ಹುಲ್ಲಿಗೆ ಬಿಟ್ಟ ನೆಲ 3.6 ಕೋಟಿ ಎಕರೆ ದಾಟಿತ್ತು, ಫೆಸೆಂಟ್‌ಗಳು ಮೈತುಂಬಿಕೊಂಡಿದ್ದವು. ಮೆಕ್ಕೆಜೋಳದ ಬೆಲೆ ಏರಿದ ಮೇಲೆ ರೈತರು ಆ ನೆಲವನ್ನು ಮತ್ತೆ ಉತ್ತರು, ಹುಲ್ಲಿನ ಜೊತೆ ಹಕ್ಕಿಯೂ ಇಳಿಯಿತು. ಬೇಟೆಯ ನಿಯಮ ಆ ವರ್ಷಗಳಲ್ಲಿ ಬಹಳವೇನೂ ಬದಲಾಗಿರಲಿಲ್ಲ.

ನಮ್ಮಲ್ಲಿಯೂ ಹೀಗೆ ಋತು ನೋಡಿ ಪರವಾನಗಿ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಕೊಡುತ್ತಿದ್ದ ಕಾಲವೊಂದಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನಿನ ರಕ್ಷಣೆಗೆ ನಿಯಮ ಮಾಡಿತ್ತು. 1912ರ ಬ್ರಿಟಿಷ್ ಕಾಯ್ದೆ ಹಕ್ಕಿಗಳಿಗೆ ಬೇಟೆ ನಿಷಿದ್ಧ ಕಾಲವನ್ನು ಗೊತ್ತುಮಾಡುವ ಅಧಿಕಾರವನ್ನು ಪ್ರಾಂತ್ಯಗಳಿಗೆ ಕೊಟ್ಟಿತು. ನಮ್ಮ ಗೌಜಲಕ್ಕಿ ಬುರ್ಲಿಗಳಿಗೆ ಹಿಮದ ಭಯವಿಲ್ಲ. ಇಲ್ಲಿ ಋತುವಿನ ಗಡಿಯನ್ನು ಎಳೆಯುವುದು ಮಳೆ, ಮಳೆಯ ಜೊತೆ ಬರುವ ಗೂಡು ಮೊಟ್ಟೆಗಳು. ಕೊಡಗಿನಲ್ಲಿ ನಾಟಿಯ ಕೆಲಸದ ತಿಂಗಳುಗಳಲ್ಲಿ ಕೋವಿ ಮನೆಯೊಳಗೇ ಇರುತ್ತಿತ್ತು, ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್‌ನಂದು ಪೂಜೆಯಾದ ಮೇಲೆಯೇ ಹೊರಗೆ ಬರುತ್ತಿತ್ತು. ಅಂದರೆ ಕಾನೂನಿಗಿಂತ ಮೊದಲೇ ಜನರ ಬಾಳಿನಲ್ಲಿ ಗಡುವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಮೊದಲಿಗೆ ಸಣ್ಣ ಬೇಟೆಗೆ ಪರವಾನಗಿಯ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅದು ಹಾಗೆಯೇ ಇರಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಯೋವಾದಲ್ಲಿ 1962ರಿಂದ ಪ್ರತಿ ಆಗಸ್ಟಿನ ಇಬ್ಬನಿಯ ಬೆಳಗಿನಲ್ಲಿ 30 ಮೈಲಿ ಉದ್ದದ ಗೊತ್ತಾದ ದಾರಿಗಳಲ್ಲಿ ಕಾರು ಓಡಿಸಿ, ಮೈ ಒಣಗಿಸಲು ದಾರಿಯಂಚಿಗೆ ಬರುವ ಫೆಸೆಂಟ್‌ಗಳನ್ನು ಎಣಿಸುತ್ತಾರೆ. ಅಷ್ಟು ಎಣಿಕೆಯಿರುವಲ್ಲಿ ಜನವರಿ 10 ಎಂಬ ದಿನಾಂಕಕ್ಕೆ ಅರ್ಥವಿದೆ. ಎಣಿಕೆಯಿಲ್ಲದೆ ಕೊಟ್ಟ ಪರವಾನಗಿ ಹೀತ್ ಹೆನ್‌ನ ದಾರಿ.

ನಮ್ಮಲ್ಲಿ ಬೇಟೆ ಕಾನೂನಿನಲ್ಲಿ ನಿಂತು ಮೂರು ದಶಕ ದಾಟಿದರೂ ಬಯಲಿನ ಹಕ್ಕಿಗಳು ಏರಿಲ್ಲ. ದೇಶದ ಹಕ್ಕಿಗಳ ಸ್ಥಿತಿಯ ಬಗ್ಗೆ 2023ರಲ್ಲಿ ಬಂದ ವರದಿ ಹುಲ್ಲುಗಾವಲು ಮತ್ತು ತೆರೆದ ನೆಲದ ಹಕ್ಕಿಗಳು ತೀವ್ರವಾಗಿ ಇಳಿಯುತ್ತಿವೆ ಎಂದಿದೆ. ಬಯಲುಸೀಮೆಯ ಹೆಬ್ಬಕ, ಎರೆಭೂತ ಎಂದೆಲ್ಲ ಜನ ಕರೆಯುತ್ತಿದ್ದ, ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ ಇಂದು ಕರ್ನಾಟಕದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದಿದ್ದರೆ ಹೆಚ್ಚು. ಅದನ್ನು ಮೊದಲು ಇಳಿಸಿದ್ದು ಕೋವಿಯೇ. ಈಗ ಏಳಗೊಡದೆ ಇರುವುದು ಉತ್ತ ಬಯಲು, ವಿದ್ಯುತ್ ತಂತಿ. ನಾನು ಬೆಳೆದದ್ದು ಚಳ್ಳಕೆರೆಯ ಕಡೆ. ಅಲ್ಲಿನ ಅಮೃತಮಹಲ್ ಕಾವಲುಗಳಲ್ಲಿ ನಸುಕಿನಲ್ಲಿ ಗೌಜಲಕ್ಕಿ ಕೂಗಿದರೆ ಊರು ಏಳುತ್ತಿತ್ತು. ಆ ಕಾವಲಿನಲ್ಲಿ ಸಾವಿರಾರು ಎಕರೆಯನ್ನು ಸಂಶೋಧನಾ ಸಂಸ್ಥೆಗಳಿಗೆ ಹಂಚಿ ಗೋಡೆ ಕಟ್ಟಲಾಗಿದೆ. ಸರ್ಕಾರದ ಕಡತಗಳಲ್ಲಿ ಹುಲ್ಲುಬಯಲು ಇಂದಿಗೂ ಬೀಳು, ಖಾಲಿ ಜಾಗ. ಮಿನೆಸೋಟದ ಆ ಜೊಂಡಿನ ಜೌಗೂ ಉಳಲು ಬಾರದ ಖಾಲಿ ಜಾಗವೇ ಆಗಿತ್ತು. ಅದು ಚಳಿಗಾಲದ ಮನೆ ಎಂದು ಯಾರೋ ಲೆಕ್ಕ ಹಾಕಿ ತೋರಿಸಿದ್ದಕ್ಕೆ ಉಳಿಯಿತು.

ಫೆಬ್ರವರಿ ನಡುವಿನಲ್ಲಿ ನಾಲ್ಕು ದಿನ ದೇಶದೆಲ್ಲೆಡೆ ಹಕ್ಕಿಪ್ರಿಯರ ಎಣಿಕೆ ನಡೆಯುತ್ತದೆ, ಮೊಬೈಲಿನಲ್ಲೇ ಸೇರಿಕೊಳ್ಳಬಹುದು. ಕೆರೆ, ಕಾಡುಗಳಿಂದ ಪಟ್ಟಿಗಳು ಧಾರಾಳವಾಗಿ ಬರುತ್ತವೆ, ಹುಲ್ಲುಬಯಲಿನಿಂದ ಬರುವುದು ಕಡಿಮೆ. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಹತ್ತಿರದ ಕಾವಲಿಗೆ ಬೆಳಗಿನ ಆರೂವರೆಯೊಳಗೆ ಹೋಗಿ ಕಾಲು ಗಂಟೆ ಒಂದೆಡೆ ನಿಂತರೆ ಸಾಕು. ಗೌಜಲಕ್ಕಿ ಕಣ್ಣಿಗೆ ಬೀಳಲೇಬೇಕೆಂದಿಲ್ಲ, ಕೂಗು ಕೇಳಿದರೂ ಪಟ್ಟಿಗೆ ಸೇರಿಸಬಹುದು. ಒಂದೂ ಕೇಳದಿದ್ದರೆ, ಕೇಳಿದ ಬೇರೆ ಹಕ್ಕಿಗಳ ಪಟ್ಟಿಯನ್ನಾದರೂ ತಪ್ಪದೆ ಕಳಿಸಿ. ಆ ಪಟ್ಟಿಯಲ್ಲಿ ಗೌಜಲಕ್ಕಿ ಇಲ್ಲದಿರುವುದೂ ಎಣಿಸುವವರಿಗೆ ಬೇಕಾದ ಮಾಹಿತಿ.